ದೊಡ್ಡಿಯ ಬೀಗ ಕೊಟ್ಟು ಹೋದವರು

ಪಂಚಾಯತಿನ ದನದ ದೊಡ್ಡಿಯ ಗೋಡೆ ಕೆಡವಿ ಕಲ್ಲುಗಳನ್ನು ಲಾರಿಗೆ ತುಂಬಿಸುವುದನ್ನು ಕಳೆದ ವಾರ ನೋಡಿದೆ. ಮುರಕಲ್ಲು, ಇನ್ನೂ ಗಟ್ಟಿ ಉಂಟು. ಅಲ್ಲಿ ಅಂಗಡಿ ಕೋಣೆಗಳು ಬರುತ್ತವಂತೆ. ಬರಲಿ. ಅದರೊಳಗೆ ದನ ಕಟ್ಟದೆ ಎಷ್ಟೋ ವರ್ಷವಾಯಿತು. ಆದರೆ ಅದನ್ನು ಕಾಯುತ್ತಿದ್ದವರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕಂಡಿತು. ಹೆಸರು ಹಾಕುವುದಿಲ್ಲ. ಅವರ ಮಕ್ಕಳು ಬೆಳ್ತಂಗಡಿಯ ಕಡೆ ಮರ್ಯಾದೆಯಲ್ಲಿ ಬದುಕಿಕೊಂಡಿದ್ದಾರೆ, ಅವರಿಗೆ ನನ್ನ ಬರಹದ ಉಪಕಾರ ಬೇಡ. ಊರಿನವರೆಲ್ಲ ದೊಡ್ಡಿಯಣ್ಣ ಎಂದು ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ.

ನಮ್ಮೂರು ಬಂಟ್ವಾಳದಿಂದ ಮೂಡಬಿದ್ರೆಗೆ ಹೋಗುವ ರಸ್ತೆಯಲ್ಲಿ. ದೊಡ್ಡಿ ಎಂದರೆ ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಬೇರೆಯವರ ಗದ್ದೆಗೆ ನುಗ್ಗಿದ ದನ, ದಾರಿ ತಪ್ಪಿದ ಎಮ್ಮೆ, ಯಾರದೆಂದು ಗೊತ್ತಾಗದ ಹೋರಿ, ಎಲ್ಲವನ್ನೂ ಹಿಡಿದು ತಂದು ಅದರೊಳಗೆ ಕೂಡುವುದು. ಯಜಮಾನ ಬಂದು ದಂಡ ಕಟ್ಟಿ ಬಿಡಿಸಿಕೊಂಡು ಹೋಗಬೇಕು. ಎದೆಮಟ್ಟದ ಗೋಡೆ, ಮರದ ಗೇಟು, ನೀರಿಗೆ ಒಂದು ಸಿಮೆಂಟಿನ ತೊಟ್ಟಿ. ಗೇಟಿನ ಬೀಗದ ಕೈ ದೊಡ್ಡಿಯಣ್ಣನ ಸೊಂಟದ ದಾರದಲ್ಲಿ ನೇತಾಡುತ್ತಿತ್ತು.

ಅವರು ನೋಡಲು ಚಂದದ ಮನುಷ್ಯ ಅಲ್ಲ. ಉದ್ದ ದೇಹ, ಗೂನು ಬೆನ್ನು, ತಲೆಗೆ ಸುತ್ತಿದ ಬೈರಾಸು, ಬಾಯಲ್ಲಿ ಯಾವಾಗಲೂ ಎಲೆಯಡಿಕೆ. ಮಾತಾಡುವ ಮೊದಲು ಎದ್ದು ಹೋಗಿ ಉಗಿಯುತ್ತಿದ್ದರು. ಉಗಿಯಲು ಎದ್ದರೆಂದರೆ ಬೈಗುಳ ಬರುತ್ತದೆ ಎಂದೇ ತಿಳಿಯಬೇಕು. ನಗುವುದನ್ನು ನಾನು ನೋಡಿಲ್ಲ. ಹೆಂಡತಿಯ ಹತ್ತಿರವಾದರೂ ನಗುತ್ತಿದ್ದರೋ ಏನೋ, ಕೇಳಲಿಲ್ಲ.

ಸರಕಾರ ಅವರಿಗೆ ಕೊಟ್ಟದ್ದು ದನ ಕಾಯುವ ಕೆಲಸ ಮಾತ್ರ. ನಾಯಿ ಬೆಕ್ಕುಗಳ ಉಸಾಬರಿ ಅವರೇ ತಲೆಗೆ ಹಾಕಿಕೊಂಡದ್ದು. ಊರಿನಲ್ಲಿ ಏನು ಕಳೆದುಹೋದರೂ ಮೊದಲು ಅವರ ಹತ್ತಿರ ಹೋಗುವುದು, ಏನು ಸಿಕ್ಕಿದರೂ ಅವರ ಗೇಟಿಗೆ ತಂದು ಕಟ್ಟುವುದು. ಒಮ್ಮೆ ನಾವು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಓಡಿ ಬಂದು "ದೊಡ್ಡಿಯಣ್ಣ, ನಮ್ಮ ನಾಯಿ ಕಾಣೆಯಾಗಿದೆ ಮಾರಾಯ್ರೆ" ಎಂದರು. ದೊಡ್ಡಿಯಣ್ಣ ಎದ್ದು ಹೋಗಿ ಉಗಿದು ಬಂದರು.

"ಎಷ್ಟು ದಿನ ಆಯ್ತು?"

"ನಾಲ್ಕು."

"ನಾಲ್ಕು ದಿನ ಅನ್ನ ಮಿಕ್ಕಿತ್ತಲ್ಲ, ಅದನ್ನು ಯಾರಿಗೆ ಹಾಕಿದ್ರಿ? ಆವಾಗ ನೆನಪಾಗಲಿಲ್ವಾ? ಈಗ ಅಂಗಳದಲ್ಲಿ ಬೊಗಳುವವರು ಯಾರೂ ಇಲ್ಲ ಅಂತ ಗೊತ್ತಾಯ್ತಾ?"

ಬೈದರೂ ಹುಡುಕಿ ಕೊಟ್ಟರು. ಹುಡುಕುವುದಕ್ಕೆ ಅವರದೇ ಒಂದು ದಾರಿ ಇತ್ತು. ಬಸ್ಸಿನ ಕಂಡಕ್ಟರುಗಳು. ಬೆಳಿಗ್ಗೆ ಬಂಟ್ವಾಳದ ಬಸ್ಸು ನಿಂತಾಗ ಹೋಗಿ "ಎಡಕೊಂಬು ಮುರಿದ ಕಪ್ಪು ಹೋರಿ, ನನ್ನ ಹತ್ತಿರ ಉಂಟು" ಎಂದು ಒಂದು ಮಾತು ಹೇಳುತ್ತಿದ್ದರು. ಕಂಡಕ್ಟರು ಪ್ರತಿ ಸ್ಟಾಪಿನಲ್ಲಿ ಟಿಕೇಟು ಹರಿಯುತ್ತ ಅದನ್ನೇ ಕೂಗಿ ಹೇಳುವುದು. ಸಂಜೆಯ ಬಸ್ಸಿಗೆ ಯಜಮಾನ ಬಂದಿಳಿಯುತ್ತಿದ್ದ. ಪೇಪರು, ರೇಡಿಯೋ ಯಾವುದೂ ಬೇಡ.

ನಮ್ಮ ಕಡೆ ಮನೆಯಲ್ಲಿ ಬೆಕ್ಕು ಹೆಚ್ಚಾದರೆ ಗೋಣಿಚೀಲಕ್ಕೆ ಹಾಕಿ ಹೊಳೆ ದಾಟಿಸಿ ಬಿಟ್ಟು ಬರುವುದು ರೂಢಿ. ಹೊಳೆ ದಾಟಿದರೆ ಬೆಕ್ಕಿಗೆ ದಾರಿ ಮರೆಯುತ್ತದಂತೆ. ಜಿನಸಿನ ಅಂಗಡಿಯವರ ಹೆಂಡತಿ ಹಾಗೆ ಒಂದು ತಾಯಿ ಬೆಕ್ಕನ್ನು ಬಿಡಿಸಿದ್ದರು. ಎರಡು ದಿನ ಕಳೆದು ದೊಡ್ಡಿಯಣ್ಣ ಅದೇ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಬಂದರು. ಹತ್ತು ಜನ ಗಿರಾಕಿ ನಿಂತಿದ್ದಾರೆ.

"ಅಕ್ಕೇರೇ, ನಿಮ್ಮ ಚೀಲ ಹೊಳೆಬದಿಯಲ್ಲಿ ಬಿಟ್ಟು ಬಂದಿದ್ದೀರಿ. ಹೊಸ ಚೀಲ, ನಿಮ್ಮ ಅಂಗಡಿಯ ಸೀಲು ಉಂಟು. ಒಳಗೆ ಏನೋ ಇತ್ತು, ನಾನು ತೆಗೀಲಿಲ್ಲ."

ಚೀಲ ಬಿಚ್ಚಿದರೆ ಬೆಕ್ಕು ಹಾರಿ ಅಕ್ಕಿಯ ರಾಶಿಯ ಮೇಲೆ ಕುಳಿತಿತು. ಅಕ್ಕೇರು ಆರು ತಿಂಗಳು ಅವರೊಂದಿಗೆ ಮಾತು ಬಿಟ್ಟರು. ದೊಡ್ಡಿಯಣ್ಣನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ದೊಡ್ಡಿಯಲ್ಲಿ ಕೂಡಿದ ದನವನ್ನು ಕೇಳಿಕೊಂಡು ಬಂದವರಿಗೆ ಅವರು ಮೊದಲು ದನ ತೋರಿಸುತ್ತಿರಲಿಲ್ಲ. ಗೋಡೆಗೆ ಬೆನ್ನು ಹಾಕಿ ರಸ್ತೆ ನೋಡುತ್ತ ನಿಲ್ಲಬೇಕು. ಗುರುತು ಹೇಳಬೇಕು. ಬಣ್ಣ, ಕೊಂಬು ಹೇಳಿದರೆ ಸಾಲದು. "ಬಣ್ಣ ದಾರಿಯಲ್ಲಿ ಹೋಗುವವನಿಗೂ ಕಾಣ್ತದೆ. ಹಾಲು ಕರೆಯುವಾಗ ಯಾವ ಕಾಲು ಹಿಂದೆ ಇಡ್ತದೆ, ಹೇಳು" ಎನ್ನುತ್ತಿದ್ದರು. ಹೇಳಿದ ಮಾತು ತಾಳೆಯಾದರೆ ಗೇಟು ತೆಗೆಯುತ್ತಿದ್ದರು, ಮತ್ತೆ ಎರಡನೆಯ ಪ್ರಶ್ನೆ ಇಲ್ಲ. ದನ ಸಾಕಿದವರ ಬಾಯಲ್ಲಿ ದನದ ವಿಷಯದಲ್ಲಿ ಸುಳ್ಳು ಬರುವುದಿಲ್ಲ ಎಂದು ಅವರು ನಂಬಿದ್ದರು. ಅಷ್ಟು ಬೈಯುವ ಮನುಷ್ಯ ಅಷ್ಟು ಸುಲಭಕ್ಕೆ ನಂಬುತ್ತಿದ್ದರು.

ಈಗ ನನ್ನ ದನದ ವಿಷಯ ಹೇಳಬೇಕು. ಅದನ್ನು ಬಿಟ್ಟು ಅವರ ವಿಷಯ ಬರೆದರೆ ಅದು ಬರೆದ ಹಾಗಲ್ಲ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷವೋ ಏನೋ. ನನ್ನ ಗಂಡ ಬೊಂಬಾಯಿಯ ಹೋಟೆಲಿಗೆ ಹೋದವರು ಪತ್ರ ಹಾಕುವುದನ್ನು ನಿಲ್ಲಿಸಿದ್ದರು. ಇಬ್ಬರು ಹೆಣ್ಣುಮಕ್ಕಳು. ಭೂಮಸೂದೆಯ ಡಿಕ್ಲರೇಶನಿನಲ್ಲಿ ಸಿಕ್ಕಿದ ಸ್ವಲ್ಪ ಜಾಗ, ಒಂದು ಹುಲ್ಲಿನ ಮನೆ, ದಿನವಿಡೀ ಬೀಡಿ ಕಟ್ಟುವುದು, ಮತ್ತೆ ಒಂದು ಕೆಂಪು ದನ. ಹಣೆಯಲ್ಲಿ ಬಿಳಿ. ಗಬ್ಬ ಆಗಿತ್ತು, ಇನ್ನು ಒಂದೂವರೆ ತಿಂಗಳಲ್ಲಿ ಕರು ಹಾಕಬೇಕು. ಕರು ಹಾಕಿದರೆ ಹಾಲು ಹೋಟೆಲಿಗೆ ಕೊಟ್ಟು ದೊಡ್ಡವಳನ್ನು ಹೈಸ್ಕೂಲಿಗೆ ಕಳಿಸುವುದೆಂದು ಇದ್ದೆ. ಇಲ್ಲದಿದ್ದರೆ ಅವಳ ಮಡಿಲಿಗೂ ಬೀಡಿ ಕಟ್ಟುವ ಮೊರ ಬರಬೇಕು.

ಕೊಯ್ಲು ಮುಗಿದ ಮೇಲೆ ಎಲ್ಲರೂ ದನಗಳನ್ನು ಗದ್ದೆಗೆ ಬಿಡುತ್ತಿದ್ದರು, ಸಂಜೆ ತಾವಾಗಿಯೇ ಬರುತ್ತಿದ್ದವು. ಒಂದು ಸಂಜೆ ನನ್ನದು ಬರಲಿಲ್ಲ. ಮರುದಿನವೂ ಇಲ್ಲ. ದೊಡ್ಡಿಯಣ್ಣ ಕಂಡಕ್ಟರುಗಳಿಗೆ ಹೇಳಿದರು, ತಾವೇ ಕಲ್ಲಿನ ಕೋರೆಗಳಿಗೆಲ್ಲ ಹೋಗಿ ಇಣುಕಿ ಬಂದರು. ಕೋರೆಗೆ ಬಿದ್ದ ದನ ಎದ್ದು ಬರುವುದಿಲ್ಲ. ನೆರೆಯ ಹೆಂಗಸರು, "ಕೊರಗಜ್ಜನಿಗೆ ಹರಕೆ ಹೇಳು" ಎಂದರು. ನಮ್ಮ ಕಡೆ ಕಳೆದುಹೋದದ್ದಕ್ಕೆ ಅಜ್ಜ ಎಂಬ ಈ ದೈವಕ್ಕೆ ಹೇಳುವುದೇ ಕ್ರಮ. ಚಕ್ಕುಲಿ, ಎಲೆಯಡಿಕೆ, ಒಂದು ಕುಪ್ಪಿ ಕಳ್ಳು ಎಂದು ಹೇಳಿಕೊಂಡೆ.

ಐದನೆಯ ದಿನ ಮಧ್ಯಾಹ್ನ ಅಂಗಳದ ಬದಿಯಲ್ಲಿ ಒಂದು ಕೆಂಪು ದನ ನಿಂತಿತ್ತು. ಹಣೆಯಲ್ಲಿ ಬಿಳಿ, ತುಂಬು ಗಬ್ಬ. ನೆರೆಯವರೆಲ್ಲ ಸೇರಿದರು. "ನೋಡು ಅಜ್ಜನ ಕಾರಣಿಕ!" ಎಂದು ಕೈ ಮುಗಿದರು. ನಾನು ಹಗ್ಗ ಹಾಕಿ ಕೊಟ್ಟಿಗೆಗೆ ಕರೆದೆ. ನನ್ನ ದನ ಒಳಗೆ ಕಾಲಿಟ್ಟರೆ ನೇರ ಬಲಗಡೆಯ ಗೂಟಕ್ಕೆ ಹೋಗಿ ನಿಲ್ಲುವುದು, ಕಣ್ಣು ಕಟ್ಟಿ ಬಿಟ್ಟರೂ ಹೋಗಿ ನಿಲ್ಲುವುದು. ಇದು ಬಾಗಿಲಲ್ಲಿ ನಿಂತು ಒಳಗೆಲ್ಲ ನೋಡಿತು.

ಆಗಲೇ ಗೊತ್ತಾಯಿತು. ಆಮೇಲೆ ಗೊತ್ತಾದದ್ದಲ್ಲ, ಆಗಲೇ.

ಆದರೆ ನಾನು ಬಾಯಿ ತೆಗೆಯುವ ಮೊದಲು ನೆರೆಮನೆಯವರು ಚಕ್ಕುಲಿ, ಕಳ್ಳು ತರಿಸಿ ಆಗಿತ್ತು. ಹರಕೆ ತಡ ಮಾಡುವ ಹಾಗಿಲ್ಲ. ಸಂಜೆಯ ಒಳಗೆ ಅಜ್ಜನ ಕಟ್ಟೆಯಲ್ಲಿ ಒಪ್ಪಿಸಿ ಆಯಿತು. ಒಪ್ಪಿಸಿದ ಮೇಲೆ "ಇದು ಅದಲ್ಲ" ಎಂದು ಹೇಳುವ ಬಾಯಿ ನಮ್ಮೂರಿನಲ್ಲಿ ಯಾರಿಗೂ ಇರಲಿಲ್ಲ. ಅಜ್ಜನ ಮೇಲೆ ನಾನು ತಪ್ಪು ಹಾಕುವುದಿಲ್ಲ. ಕಣ್ಣು ಇದ್ದದ್ದು ನನಗೆ.

ಮರುದಿನ ಬೆಳಿಗ್ಗೆ ದೊಡ್ಡಿಯಣ್ಣ ಬಂದರು. ದನದ ಸುತ್ತ ಒಂದು ಸುತ್ತು ಬಂದರು, ಹಿಂದಿನ ಕಾಲನ್ನು ಎತ್ತಿ ಗೊರಸು ನೋಡಿದರು. ಎದ್ದು ಹೋಗಿ ಉಗಿದರು.

"ಇದು ನಿನ್ನದಲ್ಲ ಮಾರಾಯ್ತಿ."

"ಹರಕೆ ಒಪ್ಪಿಸಿ ಆಯ್ತು ದೊಡ್ಡಿಯಣ್ಣ."

"ಹರಕೆ ಆಯ್ತು. ದನ ಯಾರದ್ದು?"

"ನಿಮಗೆ ಅಜ್ಜನ ಮೇಲೆ ನಂಬಿಕೆ ಇಲ್ಲ ಅಂತ ಎಲ್ಲರಿಗೂ ಹೇಳ್ಲಾ?"

ಈ ಮಾತು ನಾನೇ ಆಡಿದ್ದು. ಹೆದರಿಸಲಿಕ್ಕೆಂದೇ ಆಡಿದ್ದು. ಅವರು ನನ್ನ ಮುಖ ನೋಡಿದರು, ಬೈಯಲಿಲ್ಲ. ಆದರೆ ಬಂಟ್ವಾಳದ ಬಸ್ಸಿಗೂ ಮೂಡಬಿದ್ರೆಯ ಬಸ್ಸಿಗೂ ಹೇಳಿ ಕಳಿಸಿದರು: ಕೆಂಪು ದನ, ಹಣೆಯಲ್ಲಿ ಬಿಳಿ, ತುಂಬು ಗಬ್ಬ, ಯಾರದ್ದಾದರೂ ಹೋಗಿದ್ದರೆ ಬನ್ನಿ.

ದನ ನನ್ನ ಕೊಟ್ಟಿಗೆಗೆ ಬಂದ ಹನ್ನೆರಡನೆಯ ದಿನ ವೇಣೂರು ಕಡೆಯಿಂದ ಒಬ್ಬಳು ಬಂದಳು. ನನ್ನ ಪ್ರಾಯವೇ. ಕಂಕುಳಲ್ಲಿ ಒಂದು ಮಗು. ಬೆರಳಿನ ತುದಿ ನೋಡಿದೆ, ಬೀಡಿ ಕಟ್ಟುವವಳೇ, ಹೊಗೆಸೊಪ್ಪಿನ ಬಣ್ಣ ಹೋಗದ ಬೆರಳು. ದೊಡ್ಡಿಯಣ್ಣ ದನವನ್ನು ದೊಡ್ಡಿಗೆ ತರಿಸಿದರು. ಪಂಚಾಯತಿನ ಚೇರ್ಮನ್ನರು ಬಂದರು, ಊರೂ ಬಂತು. ನಮ್ಮಿಬ್ಬರನ್ನು ಗೋಡೆಗೆ ಬೆನ್ನು ಹಾಕಿಸಿ ನಿಲ್ಲಿಸಿದರು.

ಅವಳು ಹೇಳಿದಳು. ಬಲಗಿವಿಯ ಒಳಗೆ ಕಪ್ಪು ಮಚ್ಚೆ. ಬಾಲದ ತುದಿಯಲ್ಲಿ ನಾಲ್ಕು ಬಿಳಿ ಕೂದಲು. ಅಕ್ಕಿ ತೊಳೆದ ಅಕ್ಕಚ್ಚು ಕುಡಿಯುವಾಗ ಮೂಗು ಮುಳುಗಿಸಿ ಗುಳ್ಳೆ ಬಿಡ್ತದೆ. ನಾನೂ ಅದನ್ನೇ ಹೇಳಿದೆ. ಹನ್ನೆರಡು ದಿನ ನಾನು ಅದನ್ನು ಸುಮ್ಮನೆ ನೋಡಿದ್ದಲ್ಲ, ಒಂದೊಂದೇ ಗುರುತು ಬಾಯಿಪಾಠ ಮಾಡಿದ್ದೆ.

ಆಗ ದೊಡ್ಡಿಯಣ್ಣ ಕೇಳಿದರು: "ಹೋದ ಸಲ ಕರು ಹಾಕಿದಾಗ ಏನಾದ್ರೂ ಕಾಯಿಲೆ ಬಂದಿತ್ತಾ?"

"ಕೆಚ್ಚಲು ಬಾವು" ಎಂದಳು ಅವಳು. "ಹಿಂದಿನ ಎಡ ಮೊಲೆ ಸತ್ತೇ ಹೋಯ್ತು. ಮೂರರಲ್ಲೇ ಹಾಲು ಅದಕ್ಕೆ."

"ನನ್ನ ದನಕ್ಕೆ ಏನೂ ಬಂದದ್ದಿಲ್ಲ. ನಾಲ್ಕೂ ಸರಿ ಉಂಟು" ಎಂದೆ ನಾನು.

ಜನರು ಬಗ್ಗಿ ಬಗ್ಗಿ ನೋಡಿದರು. ಹಾಲಿಲ್ಲದ ಕೆಚ್ಚಲು, ಸಣ್ಣದಾಗಿದೆ ಎಂದರು ಕೆಲವರು, ಸಮ ಉಂಟು ಎಂದರು ಕೆಲವರು. ದೊಡ್ಡಿಯಣ್ಣ ಚೇರ್ಮನ್ನರಿಗೆ ಹೇಳಿದರು: "ಕರು ಹಾಕುವವರೆಗೆ ಇಲ್ಲೇ ಇರಲಿ. ಹುಲ್ಲು ನಾನು ಹಾಕ್ತೇನೆ. ಹಾಲು ಇಳಿದ ಮೇಲೆ ಗೊತ್ತಾಗ್ತದೆ."

"ಹರಕೆ ಒಪ್ಪಿಸಿದ ದನವನ್ನು ದೊಡ್ಡಿಯಲ್ಲಿ ಕೂಡುವುದಾ?" ಎಂದರು ಚೇರ್ಮನ್ನರು. "ನಾಳೆ ಊರಿಗೆ ಏನಾದರೂ ಆದರೆ ನೀನು ಜವಾಬ್ದಾರಿಯಾ? ಅಜ್ಜ ಕೊಟ್ಟದ್ದನ್ನು ಇಲ್ಲ ಅನ್ನಲಿಕ್ಕೆ ನೀನು ಯಾರು ಮಾರಾಯ?"

"ಅಜ್ಜನ ಮಾತು ನಾನು ಆಡಲಿಲ್ಲ. ಮೊಲೆಯ ಮಾತು ಆಡಿದ್ದು. ನಾಲ್ಕರಲ್ಲೂ ಹಾಲು ಬಂದರೆ ಈ ಬೀಗದ ಕೈ ನಿಮ್ಮ ಮೇಜಿನ ಮೇಲೆ ಇಟ್ಟು ಹೋಗ್ತೇನೆ. ಬರದಿದ್ದರೆ ದನ ಇವಳ ಮನೆಗೆ ಹೋಗಬೇಕು. ಆಯ್ತಾ?"

ಆಯ್ತು ಎಂದರು ಎಲ್ಲರೂ. ಕರು ಹಾಕುವವರೆಗೆ ಇರಲಿ ಎಂದು ದನ ನನ್ನ ಕೊಟ್ಟಿಗೆಗೇ ಬಂತು. ವೇಣೂರಿನವಳು ಗೇಟಿನ ಹತ್ತಿರ ಅದರ ಕುತ್ತಿಗೆ ಸವರಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ಅತ್ತದ್ದು ನಾನು ನೋಡಿಲ್ಲ. ನಾನು ಆ ಕಡೆ ನೋಡಿದರಲ್ಲವೇ.

ಮೂರು ವಾರಕ್ಕೆ ಕರು ಹಾಕಿತು. ಹೆಣ್ಣು ಕರು. ಗಿಣ್ಣಿನ ಹಾಲು ಕರೆಯಲು ಚೊಂಬು ಹಿಡಿದು ಕುಳಿತೆ. ಮುಂದಿನ ಎರಡು ಮೊಲೆ ಬಂತು. ಹಿಂದಿನ ಬಲದ್ದು ಬಂತು. ಎಡದ್ದನ್ನು ಹಿಂಡಿದೆ, ಎಣ್ಣೆ ಹಚ್ಚಿ ಹಿಂಡಿದೆ, ಕರುವಿನ ಬಾಯಿಗೆ ಕೊಟ್ಟು ನೋಡಿದೆ. ಕರು ಒಮ್ಮೆ ಎಳೆದು ಬಿಟ್ಟುಬಿಟ್ಟಿತು. ಒಂದು ತೊಟ್ಟು ಇಲ್ಲ.

ಮರುದಿನ ದೊಡ್ಡಿಯಣ್ಣ ಬಂದರು. ಆಗಷ್ಟೇ ಕರು ಹಾಕಿದ ದನದ ಕೆಚ್ಚಲನ್ನು ನಮ್ಮಲ್ಲಿ ಹೊರಗಿನವರಿಗೆ ತೋರಿಸುವುದಿಲ್ಲ, ದೃಷ್ಟಿ ಬೀಳುತ್ತದೆ ಎಂದು. ಅದು ಅವರಿಗೂ ಗೊತ್ತು. ಕೊಟ್ಟಿಗೆಯ ಕಡೆಗೆ ಹೋಗಲಿಲ್ಲ. ಅಂಗಳದಲ್ಲಿ ನಿಂತೇ ಕೇಳಿದರು.

"ನಾಲ್ಕೂ ಬರ್ತದಾ?"

ನನ್ನ ದೊಡ್ಡ ಮಗಳು ಜಗಲಿಯಲ್ಲಿ ಬೀಡಿಯೆಲೆ ಕತ್ತರಿಸುತ್ತಿದ್ದಳು. ಕತ್ತರಿಯ ಸದ್ದು ನಿಂತಿತು.

"ನಾಲ್ಕೂ ಬರ್ತದೆ" ಎಂದೆ.

ಅವರು ಉಗಿಯಲು ಹೋಗಲಿಲ್ಲ. ನನ್ನನ್ನು ದಿಟ್ಟಿಸಿ ನೋಡಲೂ ಇಲ್ಲ. "ಸರಿ" ಎಂದರು. ಅಂಗಳದಿಂದ ನೇರವಾಗಿ ಪಂಚಾಯತಿಗೆ ಹೋಗಿ ಬೀಗದ ಕೈ ಮೇಜಿನ ಮೇಲೆ ಇಟ್ಟರಂತೆ. ಚೇರ್ಮನ್ನರೇ "ಹೋಗಲಿ ಬಿಡು ಮಾರಾಯ, ಮಾತಿಗೆ ಹೇಳಿದ್ದು" ಎಂದರಂತೆ. "ನಾನು ಮಾತಿಗೆ ಹೇಳಿದ್ದಲ್ಲ" ಎಂದು ಹೇಳಿ ಹೊರಟರಂತೆ. ಐವತ್ತು ದಾಟಿದ ಮನುಷ್ಯ. ಆಮೇಲೆ ಮೂಡಬಿದ್ರೆಯಲ್ಲಿ ಒಂದು ಅಕ್ಕಿ ಮಿಲ್ಲಿನಲ್ಲಿ ಮೂಟೆ ಹೊತ್ತರು. ಬೆನ್ನು ಇನ್ನೂ ಬಗ್ಗಿತು.

ದೊಡ್ಡಿಗೆ ಬೇರೆಯವನು ಬಂದ. ಅವನಿಗೆ ಗುರುತು ಕೇಳುವ ಪುರುಸೊತ್ತು ಇರಲಿಲ್ಲ, ಯಾರು ಮೊದಲು ಬಂದರೋ ಅವರಿಗೆ ದನ. ಎರಡು ಸಲ ಹೊಡೆದಾಟವೇ ಆಯಿತು. ಕೊನೆಗೆ ದೊಡ್ಡಿಯೊಳಗೆ ಪಂಚಾಯತಿನವರು ಹಳೆಯ ಪೈಪು ತುಂಬಿಸಿದರು. ಜನರು ಸಿಕ್ಕಿದ ನಾಯಿಯನ್ನು ಕಲ್ಲು ಹೊಡೆದು ಮುಂದಿನ ಊರಿಗೆ ದಾಟಿಸತೊಡಗಿದರು. ಮುಂದಿನ ಊರಿನವರು ಹಿಂದಕ್ಕೆ ದಾಟಿಸತೊಡಗಿದರು.

ನನ್ನ ಸ್ವಂತದ ದನ ಏನಾಯಿತು ಎಂದು ಇವತ್ತಿಗೂ ಗೊತ್ತಿಲ್ಲ. ನಾನು ಮತ್ತೆ ಹುಡುಕಲಿಲ್ಲ. ಎಲ್ಲಿಯಾದರೂ ಸಿಕ್ಕಿಬಿಟ್ಟರೆ ಏನು ಮಾಡುವುದು ಎಂಬ ಹೆದರಿಕೆ. ದೂರದಲ್ಲಿ ಕೆಂಪು ದನ ಕಂಡರೆ ದಾರಿ ಬದಲಿಸುತ್ತಿದ್ದೆ. ಸಾಕಿದ ದನವನ್ನು ಕಂಡು ಓಡಿದವಳು ನಾನೊಬ್ಬಳೇ ಇರಬೇಕು.

ಒಂದು ವರ್ಷ ಕಳೆದು ವೇಣೂರಿನವಳು ಮತ್ತೊಮ್ಮೆ ಬಂದಳು. ಕಂಕುಳಲ್ಲಿ ಮಗು ಇರಲಿಲ್ಲ. ನಾನು ಕೇಳಲಿಲ್ಲ. "ಜಗಳಕ್ಕೆ ಬಂದದ್ದಲ್ಲ ಅಕ್ಕಾ. ಒಮ್ಮೆ ನೋಡಿ ಹೋಗ್ತೇನೆ" ಎಂದಳು.

"ಮೇಯಲಿಕ್ಕೆ ಹೋಗಿದೆ" ಎಂದೆ.

ಅಷ್ಟು ಹೇಳುವಾಗ ಕೊಟ್ಟಿಗೆಯಿಂದ ಅದು ಕೂಗಿತು. ನನ್ನ ಸ್ವರಕ್ಕೆ ಅದು ಎಂದೂ ಹಾಗೆ ಕೂಗಿದ್ದಿಲ್ಲ. ಅವಳು ಕೊಟ್ಟಿಗೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಬೆಲ್ಲ ನೀರು ಕೊಟ್ಟೆ, ಕುಡಿದು ಲೋಟ ತೊಳೆದಿಟ್ಟು ಹೋದಳು. ಮತ್ತೆ ಬರಲಿಲ್ಲ.

ದೊಡ್ಡಿಯಣ್ಣ ದಿನಾ ನನ್ನ ಮನೆಯ ಎದುರಿನಿಂದಲೇ ಬಸ್ಸಿಗೆ ಹೋಗಬೇಕು. ಅವರ ಹಿಂದೆ ಎರಡು ಮೂರು ಊರನಾಯಿಗಳು ಬಸ್ಸಿನವರೆಗೆ ಹೋಗುತ್ತಿದ್ದವು. ನನ್ನನ್ನು ಕಂಡರೆ "ಕರು ಹೇಗುಂಟು?" ಎಂದು ಕೇಳುತ್ತಿದ್ದರು. "ಚೆನ್ನಾಗುಂಟು" ಎನ್ನುತ್ತಿದ್ದೆ. ಆ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ. ನಾನು ವರ್ಷಗಟ್ಟಲೆ ಹುಡುಕಿದೆ, ಸಿಗಲಿಲ್ಲ. ಅವರು ನನ್ನ ಮಾತನ್ನು ನಿಜವಾಗಿಯೂ ನಂಬಿದ್ದರೋ, ಗೊತ್ತಿದ್ದೂ ಬಿಟ್ಟರೋ? ನಂಬಿದ್ದರೆ ತಾನು ಒಬ್ಬ ಬಡ ಹೆಂಗಸಿನ ದನದ ಮೇಲೆ ಸುಳ್ಳು ಹೇಳಿದೆ ಎಂದು ಹೊಟ್ಟೆಯಲ್ಲಿ ಇಟ್ಟುಕೊಂಡೇ ಮೂಟೆ ಹೊತ್ತರು. ಗೊತ್ತಿದ್ದರೆ ನನ್ನನ್ನು ಬಿಟ್ಟುಕೊಟ್ಟದ್ದು ಯಾವ ಲೆಕ್ಕದಲ್ಲಿ? ಎರಡರಲ್ಲಿ ಯಾವುದಾದರೂ ನನಗೆ ಕೆಟ್ಟದ್ದೇ.

ಆ ದನ ನನ್ನಲ್ಲಿ ಎಂಟು ವರ್ಷ ಇತ್ತು. ಮೂರು ಮೊಲೆಯ ಹಾಲಿನಲ್ಲಿ ದೊಡ್ಡವಳು ಹೈಸ್ಕೂಲು ಮುಗಿಸಿದಳು, ಉಜಿರೆಯಲ್ಲಿ ಟೀಚರು ಕೆಲಸ ಕಲಿತಳು. ಕೆಲಸ ಸಿಕ್ಕಿದ ಮೇಲೆ ಅವಳು ನನ್ನ ಮನೆಯಲ್ಲಿ ಹಾಲು ಹಾಕಿದ ಚಾ ಕುಡಿದದ್ದಿಲ್ಲ. ಕಪ್ಪು ಚಾ ಸಾಕು ಎನ್ನುತ್ತಾಳೆ. ಯಾಕೆ ಎಂದು ಅವಳೂ ಹೇಳಿಲ್ಲ, ನಾನೂ ಕೇಳಿಲ್ಲ. ಹಾಲು ಕುಡಿಯದೆ ಯಾರೂ ಸಾಯುವುದಿಲ್ಲ.

ಎಂಬತ್ತರ ದಶಕದ ಕೊನೆಗೆ ದೊಡ್ಡಿಯಣ್ಣ ತೀರಿಕೊಂಡರು. ಮಿಲ್ಲಿನಲ್ಲೇ ಮೂಟೆಯ ಕೆಳಗೆ ಕುಸಿದರಂತೆ. ಉತ್ತರಕ್ರಿಯೆಯ ದಿನ ಬೊಜ್ಜದ ಊಟಕ್ಕೆ ಇಡೀ ಊರು ಹೋಗಿತ್ತು. ನಾನೂ ಹೋದೆ. ಪಂಕ್ತಿಯಲ್ಲಿ ನನ್ನ ಎದುರಿಗೆ ಹಳೆಯ ಚೇರ್ಮನ್ನರು ಕುಳಿತಿದ್ದರು. ಸತ್ತವರ ಬಗ್ಗೆ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದರು. ಯಾರ ನಾಯಿ ಹುಡುಕಿದ್ದು, ಯಾರ ಎಮ್ಮೆಯನ್ನು ಕೋರೆಯಿಂದ ಎತ್ತಿದ್ದು. ಚೇರ್ಮನ್ನರು ಅನ್ನ ಕಲಸುತ್ತ ಹೇಳಿದರು:

"ದನದ ಗುರುತಿನಲ್ಲಿ ಅವನನ್ನು ಮೀರಿಸಿದವನಿಲ್ಲ. ಜೀವಮಾನದಲ್ಲಿ ತಪ್ಪಿದ್ದು ಒಂದೇ ಸಲ, ಈ ಅಕ್ಕನ ದನದಲ್ಲಿ. ಅಲ್ವಾ ಅಕ್ಕಾ?"

ಹತ್ತಿಪ್ಪತ್ತು ಮುಖ ನನ್ನ ಕಡೆ ತಿರುಗಿದವು. ಬಾಗಿಲಲ್ಲಿ ದೊಡ್ಡಿಯಣ್ಣನ ಹೆಂಡತಿ ನಿಂತಿದ್ದರು. ಅವರೂ ನನ್ನನ್ನೇ ನೋಡುತ್ತಿದ್ದರು, ಬೇರೆ ಏನಾದರೂ ಹೇಳುತ್ತೇನೋ ಎಂಬ ಹಾಗೆ.

"ಹೌದು" ಎಂದೆ. "ಮನುಷ್ಯ ಅಲ್ವಾ, ಒಂದು ಸಲ ತಪ್ತದೆ."

ಬಾಗಿಲಲ್ಲಿ ನಿಂತಿದ್ದವರು ಒಳಗೆ ಹೋದರು. ಬಡಿಸುವವನು ಸಾರು ಹಿಡಿದು ಬಂದ. ನಾನು ಅನ್ನದಲ್ಲಿ ಗುಂಡಿ ಮಾಡಿ ಹಾಕಿಸಿಕೊಂಡೆ.